ಬಣ್ಣ ಒರೆಸಿದ ಮೇಲೆ

'ನಾಟಕ ಮುಗೀತಲ್ಲಣ್ಣ, ಮುಂದಿನ ಪ್ರಯೋಗದ ತನಕ ಆರಾಮ ತಾನೇ?' ಅಂತ ಕೇಳ್ತೀರಿ, ಅಭಿಮಾನಿ ದೊರೆಗಳೇ. ಆರಾಮ! ಕೇಳಿ ಹಾಗಾದರೆ.

ಬೆಳಿಗ್ಗೆ ಧಾರಾವಾಹಿಗೆ ಡಬ್ಬಿಂಗ್. ಮಧ್ಯಾಹ್ನ ಮಕ್ಕಳಿಗೆ ಅಭಿನಯದ ಪಾಠ. ಸಂಜೆ ಹೊಸ ನಾಟಕದ ತಾಲೀಮು. ರಾತ್ರಿ ನಾನೇ ಬರೀತಿರೋ ನಾಟಕ. ಅದರ ಎರಡನೇ ಅಂಕದಲ್ಲಿ ನಾಯಕ ಬಾಗಿಲ ಹತ್ರ ನಿಂತು ಎರಡು ತಿಂಗಳಾಯ್ತು. ಪಾಪ, ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ! ಕಾಸು? ಮೊದಲನೆಯದು ಬಾಡಿಗೆಗೆ, ಎರಡನೆಯದು ಅಕ್ಕಿಬೇಳೆಗೆ. ಉಳಿದೆರಡಕ್ಕೆ ಚಪ್ಪಾಳೆ.

ಸುಸ್ತಾದಾಗ ಶಂಕರಣ್ಣ ನೆನಪಾಗ್ತಾರೆ. ನಿಮಗೆ ಅವರು 'ಆಟೋ ರಾಜ', ನಮಗೆ ನಾಟಕದವರು. 1978ರ 'ಒಂದಾನೊಂದು ಕಾಲದಲ್ಲಿ'ಯಿಂದ ಬೆಳ್ಳಿತೆರೆ ಹಿಡಿದರೂ 'ಸಂಕೇತ್' ತಂಡ ಬಿಡಲಿಲ್ಲ. ನಡುವೆ ನಿರ್ದೇಶನ, ರೆಕಾರ್ಡಿಂಗ್ ಸ್ಟುಡಿಯೋ, ಆಗುಂಬೆಯಲ್ಲಿ 'ಮಾಲ್ಗುಡಿ ಡೇಸ್'... 1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಹತ್ತಿರ ಅಪಘಾತವಾದಾಗ ಇನ್ನೂ 36 ತುಂಬಿರಲಿಲ್ಲ. ಅರುಂಧತಿ ನಾಗ್ ಅವರ ನೆನಪಿಗೇ ಜೆ.ಪಿ. ನಗರದಲ್ಲಿ 'ರಂಗಶಂಕರ' ಕಟ್ಟಿದರು. 2004ರಲ್ಲಿ ಬಾಗಿಲು ತೆರೆಯಿತು. ನಾಟಕ ಶುರುವಾದ ಮೇಲೆ ಬಂದರೆ ಅಲ್ಲಿ ಒಳಗೆ ಬಿಡಲ್ಲ, ಯಾವ ಸ್ಟಾರ್ ಆದ್ರೂ ಅಷ್ಟೇ!

ಮೊನ್ನೆ ಒಂದು ಚಿತ್ರತಂಡದಿಂದ ಫೋನು. ಖಳನಾಯಕನ ಬಂಟನ ಪಾತ್ರ, 15 ದಿನದ ಕಾಲ್‌ಶೀಟ್, ನಾಲ್ಕು ತಿಂಗಳ ಬಾಡಿಗೆಗಾಗೋಷ್ಟು ಹಣ. ಆದರೆ ಗಡ್ಡ ಬಿಡಬೇಕಂತೆ. ಆ 15 ದಿನದ ನಡುವೆಯೇ ನನ್ನ ನಾಟಕ, ಅದರಲ್ಲಿ ನನ್ನದು ಹೆಣ್ಣುವೇಷ! 'ಗಡ್ಡ ಅಂಟಿಸಿಕೊಳ್ತೀನಿ, ಒಂದು ದಿನ ಬಿಟ್ಟುಕೊಡಿ ಸಾರ್' ಅಂದೆ. ಆ ಕಡೆ ಫೋನು ಇಟ್ಟೇಬಿಟ್ಟರು. ಮನೆಯಾಕೆ ಏನೂ ಅನ್ನಲಿಲ್ಲ, ಸೀರೆಗೆ ಇಸ್ತ್ರಿ ಹಾಕ್ತಾ ಕೂತಳು. ಆ ಸೀರೆ ನನ್ನ ಪಾತ್ರದ್ದು.

ಶನಿವಾರ ಸಂಜೆ ಪ್ರಯೋಗ. ಬಸ್ಸು ತಡ ಆಯ್ತು ಅನ್ಬೇಡಿ, ಬೇಗ ಬನ್ನಿ.