ಎರಡು ಬಿಂದು, ಒಂದು ಗೆರೆ



ಪ್ರೌಢಶಾಲೆಯ ಮಕ್ಕಳು ಬೀಜಗಣಿತದಲ್ಲಿ ಸರಳರೇಖೆಯ ಸಮೀಕರಣವೆಂಬ ಪಾಠವನ್ನು ಕಂಡೊಡನೆ ಅಂಜುವುದು ಅನೇಕ ಮನೆಗಳ ಅನುಭವ. ಮಕ್ಕಳ ಅಂಜಿಕೆಗಿಂತ ಹಿರಿಯರ ಅವಸರ ಹೆಚ್ಚು ಹಾನಿಕರ. ಗಣಿತದಲ್ಲಿ ಒಮ್ಮೆ ಅನುತ್ತೀರ್ಣಳಾದ ಮಗಳನ್ನು 'ಇನ್ನು ಓದಿದ್ದು ಸಾಕು' ಎಂದು ಮನೆಯಲ್ಲಿ ಕೂರಿಸುವ ತಂದೆತಾಯಿಗಳು ಇಂದಿಗೂ ಇದ್ದಾರೆ. ಒಂದು ಪಾಠ ತಿಳಿಯಲಿಲ್ಲವೆಂದು ಒಂದು ಬಾಳಿನ ದಾರಿಯನ್ನೇ ಮುಚ್ಚುವುದು ಧರ್ಮವೇ? ಆದ್ದರಿಂದ ಈ ತಿಂಗಳು ನಾವು ಆ ಪಾಠವನ್ನೇ ಕೈಗೆತ್ತಿಕೊಂಡಿದ್ದೇವೆ. ಅದನ್ನು ಕರಿಹಲಗೆಯಿಂದ ಇಳಿಸಿ ದಾಸೋಹದ ಪಂಕ್ತಿಗೆ ತಂದು ನೋಡೋಣ.

ಒಂದು ಮನೆಯಲ್ಲಿ ಗಣಾರಾಧನೆ ನಡೆಯಿತೆನ್ನಿ. 50 ಜನ ಪ್ರಸಾದ ಸ್ವೀಕರಿಸಿದರು. ಖರ್ಚು 6,000 ರೂಪಾಯಿ. ಇನ್ನೊಮ್ಮೆ 120 ಜನ ಬಂದರು. ಖರ್ಚು 11,600 ರೂಪಾಯಿ. ಮುಂದಿನ ಸಲ 200 ಜನ ಬರುವವರಿದ್ದರೆ ಎಷ್ಟು ಹಣ ಬೇಕು?

ನಮ್ಮ ಹಿರಿಯರಿಗೆ ಕೂಡಲೇ ನೆನಪಾಗುವುದು ತ್ರೈರಾಶಿಕ. ಅದು ಪ್ರಾಚೀನವಾದ, ಘನವಾದ ವಿದ್ಯೆ. ಕ್ರಿ.ಶ. 499ರ ಆರ್ಯಭಟನ ಗ್ರಂಥದಲ್ಲಿ ಅದುಂಟು. ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ತನ್ನ 'ಗಣಿತಸಾರಸಂಗ್ರಹ'ದಲ್ಲಿ ಅದಕ್ಕೆ ಪ್ರತ್ಯೇಕ ಪ್ರಕರಣವನ್ನೇ ಮೀಸಲಿಟ್ಟನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು. ಗಣಿತವು ಕನ್ನಡಿಗರಿಗೆ ಪರಕೀಯವೆಂಬ ಮಾತಿಗೆ ಇವರ ಹೆಸರುಗಳೇ ಉತ್ತರ.

ಆದರೆ ಇಲ್ಲಿ ತ್ರೈರಾಶಿಕವನ್ನು ಹಾಗೆಯೇ ಹಚ್ಚಿದರೆ ಲೆಕ್ಕ ತಪ್ಪುತ್ತದೆ. 50 ಜನರಿಗೆ 6,000 ಎಂದರೆ ತಲೆಗೆ 120 ರೂಪಾಯಿ. 120 ಜನರಿಗೆ 14,400 ಆಗಬೇಕಿತ್ತು. ಆದುದು 11,600 ಮಾತ್ರ. ಉಳಿದ 2,800 ಎಲ್ಲಿ ಹೋಯಿತು? ಎಲ್ಲಿಯೂ ಹೋಗಲಿಲ್ಲ. ಖರ್ಚಿನಲ್ಲಿ ಎರಡು ಬಗೆ ಇರುವುದನ್ನು ನಾವು ಗಮನಿಸಬೇಕು. ಅಕ್ಕಿ, ಬೇಳೆ, ಬೆಲ್ಲ ಜನರ ಸಂಖ್ಯೆಯೊಡನೆ ಏರುತ್ತವೆ. ಪಾತ್ರೆಗಳ ಬಾಡಿಗೆ, ಚಪ್ಪರದ ಖರ್ಚು ಹತ್ತು ಜನ ಬಂದರೂ ನೂರು ಜನ ಬಂದರೂ ಅಷ್ಟೇ. ಇವೆರಡನ್ನೂ ಬೇರ್ಪಡಿಸಿ ತೋರಿಸುವುದೇ ಸರಳರೇಖೆಯ ಸಮೀಕರಣ.

ಬೇರ್ಪಡಿಸುವ ಬಗೆ ಹೀಗೆ. ಮೊದಲು ವ್ಯತ್ಯಾಸಗಳನ್ನು ತೆಗೆಯಿರಿ. ಜನರಲ್ಲಿ ಹೆಚ್ಚಿದ್ದು 120 – 50 = 70. ಖರ್ಚಿನಲ್ಲಿ ಹೆಚ್ಚಿದ್ದು 11,600 – 6,000 = 5,600. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ 80. ಒಬ್ಬ ಅತಿಥಿ ಹೆಚ್ಚಿದರೆ 80 ರೂಪಾಯಿ ಹೆಚ್ಚುತ್ತದೆ ಎಂದಾಯಿತು. ಇದನ್ನೇ ಶಾಲೆಯಲ್ಲಿ ರೇಖೆಯ ಇಳಿಜಾರು ಎನ್ನುವರು. ಬಳಿಕ, 50 ಜನರ ಪ್ರಸಾದಕ್ಕೆ 50 × 80 = 4,000. ಒಟ್ಟು 6,000ದಲ್ಲಿ ಇದನ್ನು ಕಳೆದರೆ ಉಳಿಯುವ 2,000 ಸ್ಥಿರವಾದ ಖರ್ಚು. ಜನರ ಸಂಖ್ಯೆಯನ್ನು 'ಎಕ್ಸ್' ಎಂದೂ ಖರ್ಚನ್ನು 'ವೈ' ಎಂದೂ ಕರೆದರೆ,

ವೈ = 80 ಎಕ್ಸ್ + 2,000

ಎಂದಾಗುತ್ತದೆ. ತಾಳೆ ನೋಡದೆ ಲೆಕ್ಕವನ್ನು ಮುಗಿಸಬಾರದು. 120 × 80 = 9,600; ಅದಕ್ಕೆ 2,000 ಸೇರಿಸಿದರೆ 11,600. ಸರಿಯಾಯಿತು. ಇನ್ನು 200 ಜನರಿಗೆ 18,000 ಎಂದು ಮಗುವೂ ಹೇಳಬಲ್ಲದು.

ಚೌಕುಳಿ ಕಾಗದದ ಮೇಲೆ ಜನರನ್ನು ಅಡ್ಡಕ್ಕೂ ಖರ್ಚನ್ನು ಉದ್ದಕ್ಕೂ ಗುರುತಿಸಿ, ಈ ಎರಡು ಬಿಂದುಗಳನ್ನು ಅಳತೆಪಟ್ಟಿಯಿಂದ ಕೂಡಿಸಿದರೆ ಒಂದೇ ಒಂದು ನೇರ ಗೆರೆ ಸಾಧ್ಯ. ಅದು ಖರ್ಚಿನ ಅಕ್ಷವನ್ನು ಮುಟ್ಟುವ ಸ್ಥಳವೇ 2,000. ತ್ರೈರಾಶಿಕದ ಗೆರೆಯಾದರೋ ಮೂಲಬಿಂದುವಿನಿಂದಲೇ ಹೊರಡುವುದು. ಸ್ಥಿರ ಖರ್ಚಿಲ್ಲದ ಕಡೆ ಮಾತ್ರ ಅದು ಸಲ್ಲುವುದು. ಗೆರೆಯನ್ನು ಹೀಗೆ ಸಮೀಕರಣದಲ್ಲಿ ಹಿಡಿಯುವ ಮಾರ್ಗವನ್ನು ಫ್ರಾನ್ಸ್ ದೇಶದ ರೆನೆ ಡೆಕಾರ್ಟ್ 1637ರಲ್ಲಿ ಪ್ರಕಟಿಸಿದ ರೇಖಾಗಣಿತದ ಗ್ರಂಥದಿಂದ ಜಗತ್ತು ಕಲಿಯಿತು. ಅದೇ ಕಾಲದಲ್ಲಿ ಫರ್ಮಾ ಎಂಬ ಇನ್ನೊಬ್ಬ ಫ್ರೆಂಚ್ ಪಂಡಿತನೂ ಸ್ವತಂತ್ರವಾಗಿ ಆ ದಾರಿಯನ್ನೇ ಹಿಡಿದಿದ್ದನು.

ಇದರ ಪ್ರಯೋಜನ ಪರೀಕ್ಷೆಯ ಅಂಕಗಳಿಗೆ ಮುಗಿಯುವುದಿಲ್ಲ. ಅಡುಗೆಯ ಗುತ್ತಿಗೆದಾರನೊಬ್ಬನು ಬಂದು, 'ಬೇರೆ ಖರ್ಚಿಲ್ಲ, ಎಲೆಗೆ 100 ರೂಪಾಯಿ ಕೊಟ್ಟರೆ ಸಾಕು' ಎನ್ನುತ್ತಾನೆ. ಒಪ್ಪಬೇಕೆ? ಅವನ ಗೆರೆ ವೈ = 100 ಎಕ್ಸ್. ಎರಡು ಗೆರೆಗಳು ಕೂಡುವಲ್ಲಿ 100 ಎಕ್ಸ್ = 80 ಎಕ್ಸ್ + 2,000; ಅಂದರೆ 20 ಎಕ್ಸ್ = 2,000, ಎಕ್ಸ್ = 100. ನೂರು ಜನರೊಳಗಾದರೆ ಅವನ ಮಾತು ಲಾಭ. ನೂರು ದಾಟಿದರೆ ಮನೆಯ ಏರ್ಪಾಡೇ ಲೇಸು. 200 ಜನರಾದರೆ ಉಳಿಯುವುದು 2,000 ರೂಪಾಯಿ. ಸಾಲ ಮಾಡಿ ಮದುವೆ ನಡೆಸುವ ಕುಟುಂಬಕ್ಕೆ ಇಂತಹ ವಿವೇಕವು ಎಷ್ಟು ಬೆಲೆಯುಳ್ಳದ್ದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಗೆರೆಗೆ ತನ್ನದೇ ಆದ ಮಿತಿಯೂ ಉಂಟು. ಸಾವಿರ ಜನ ಬಂದರೆ ಇನ್ನೊಂದು ಒಲೆ, ಇನ್ನಷ್ಟು ಕೊಪ್ಪರಿಗೆಗಳು ಬೇಕು. ಆಗ ಸ್ಥಿರ ಖರ್ಚೇ ಬದಲಾಗುತ್ತದೆ. ಧಾನ್ಯದ ಧಾರಣೆ ಏರಿದರೆ ಇಳಿಜಾರು ಬದಲಾಗುತ್ತದೆ. ಎರಡು ಬಿಂದುಗಳಿಗೆ ಗೆರೆ ಸದಾ ದೊರೆಯುವುದರಿಂದ, ಖರ್ಚು ನಿಜವಾಗಿ ನೇರವಾಗಿ ಏರುತ್ತಿದೆಯೇ ಎಂಬುದಕ್ಕೆ ಮೂರನೆಯ ಬಿಂದುವೇ ಸಾಕ್ಷಿ. 90 ಜನ ಬಂದ ದಿನ ಖರ್ಚು 9,200ರ ಆಸುಪಾಸಿನಲ್ಲಿರಬೇಕು. ಬಹಳ ಹೆಚ್ಚಿದ್ದರೆ ಯಾರನ್ನೂ ಕೂಡಲೇ ಕಳ್ಳರೆನ್ನಬೇಡಿ; ಆದರೆ ಕಾರಣ ಕೇಳದೆಯೂ ಬಿಡಬೇಡಿ.

ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರದ ಲೆಕ್ಕವನ್ನು ಬಲ್ಲವರ ಪರಂಪರೆ ನಮ್ಮದು. ಕಾಯಕದಿಂದ ಬಂದುದನ್ನು ದಾಸೋಹಕ್ಕೆ ಸಲ್ಲಿಸುವವನು ಲೆಕ್ಕವನ್ನೂ ಶುಚಿಯಾಗಿಡಬೇಕು. ಲೆಕ್ಕ ತಿಳಿಯದೆ ಶುಚಿಯಾಗಿಡುವುದೆಂತು? ಸ್ತ್ರೀಯರನ್ನು ಅನುಭವದ ಗೋಷ್ಠಿಯಲ್ಲಿ ಸಮಾನರಾಗಿ ಕಂಡ ಸಮಾಜವು, ಹೆಣ್ಣುಮಗಳಿಗೆ ಗಣಿತವೇಕೆ ಎಂದು ಕೇಳುವುದು ಆ ಪರಂಪರೆಗೆ ಸಲ್ಲದ ಮಾತು.

ಆದುದರಿಂದ ಮಾತೆಯರಲ್ಲಿಯೂ ಮಹನೀಯರಲ್ಲಿಯೂ ನಮ್ಮ ವಿನಂತಿ ಇಷ್ಟೇ: ಈ ತಿಂಗಳು ಒಂದು ಸಂಜೆ ಪೂಜೆಯ ಬಳಿಕ ಮನೆಯ ಎರಡು ಖರ್ಚಿನ ಚೀಟಿಗಳನ್ನು ಮಗಳ ಮುಂದಿರಿಸಿ. ಗೆರೆಯನ್ನು ಅವಳೇ ಎಳೆಯಲಿ. ತಪ್ಪಿದರೆ ಗದರದೆ ಮತ್ತೊಮ್ಮೆ ತಾಳೆ ನೋಡಲು ಹೇಳಿ. ಓದು ನಿಲ್ಲಿಸುವ ಮಾತನ್ನು ಅದಾದ ಮೇಲೆ ಯಾರೂ ಆಡಲಾರರೆಂಬುದು ನಮ್ಮ ನಂಬುಗೆ.