ಅಮೇರಿಕದ ಸಾಹಿತ್ಯವೂ ನಮ್ಮ ಬಾಲಿಕೆಯರೂ

ಕ್ರೈಸ್ತ ಶಾಲೆಯಲ್ಲಿ ಬಾಲಿಕೆಯರಿಗೆ ಎಂತಹ ಗ್ರಂಥಗಳನ್ನು ಓದಲು ಕೊಡತಕ್ಕದ್ದು ಎಂಬ ಪ್ರಶ್ನೆಯು ಹೊಸದಲ್ಲ. ಕೆಲವು ವರುಷಗಳ ಹಿಂದೆ ವಿದ್ಯಾರ್ಥಿನಿಯೊಬ್ಬಳ ತಂದೆಯವರು ನನ್ನ ಕೊಠಡಿಗೆ ಬಂದು, ಅಮೇರಿಕದ ಗ್ರಂಥಕರ್ತನಾದ ನಥಾನಿಯಲ್ ಹಾಥಾರ್ನನ 'ದಿ ಸ್ಕಾರ್ಲೆಟ್ ಲೆಟರ್' ಎಂಬ ಕಾದಂಬರಿಯನ್ನು ಮೇಜಿನ ಮೇಲಿಟ್ಟು, "ವ್ಯಭಿಚಾರದ ಕಥೆಯನ್ನು ಮಿಶನ್ ಶಾಲೆಯಲ್ಲಿ ಕಲಿಸುವುದುಂಟೇ, ಅಮ್ಮನವರೇ?" ಎಂದು ಕೇಳಿದರು. ನಾನು ಉತ್ತರ ಕೊಡಲಿಲ್ಲ. ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ಎರಡು ವರುಷ ಅದು ಅಲ್ಲಿಯೇ ಇದ್ದಿತು.

ಆ ಬಳಿಕ ಒಂದು ದಿನ ವೇದಪಾಠದಲ್ಲಿ ಯೋಹಾನನ ಸುವಾರ್ತೆಯ 8ನೆಯ ಅಧ್ಯಾಯವನ್ನು ಓದುತ್ತಿದ್ದೆವು. ವ್ಯಭಿಚಾರದಲ್ಲಿ ಹಿಡಿಯಲ್ಪಟ್ಟ ಸ್ತ್ರೀಯನ್ನು ಶಾಸ್ತ್ರಿಗಳು ಕರ್ತನ ಮುಂದೆ ನಿಲ್ಲಿಸಿದ ಪ್ರಸಂಗವದು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಅಮ್ಮನವರೇ, ಆ ಪುರುಷನನ್ನು ಏಕೆ ಕರೆತರಲಿಲ್ಲ?" ಎಂದು ಕೇಳಿದಳು. ಅಂದು ಸಾಯಂಕಾಲ ಬೀರುವಿನ ಬೀಗವನ್ನು ತೆಗೆದೆನು. ಏಕೆಂದರೆ ಹಾಥಾರ್ನನು 1850ರಲ್ಲಿ ಪ್ರಕಟಿಸಿದ ಆ ಗ್ರಂಥವು ಕೇಳುವುದು ಇದೇ ಪ್ರಶ್ನೆಯನ್ನು.

ಕಥೆಯು ಹದಿನೇಳನೆಯ ಶತಮಾನದ ಬಾಸ್ಟನ್ ಪಟ್ಟಣದ್ದು. ಹೆಸ್ಟರ್ ಪ್ರಿನ್ ಎಂಬವಳು ಎದೆಯ ಮೇಲೆ ಕೆಂಪು ಅಕ್ಷರವನ್ನು ಧರಿಸಿ, ಕೂಸನ್ನೆತ್ತಿಕೊಂಡು, ಜನರೆದುರು ಕಟ್ಟೆಯ ಮೇಲೆ ನಿಲ್ಲುತ್ತಾಳೆ. ಪುರುಷನ ಹೆಸರನ್ನು ಅವಳು ಹೇಳಲೊಲ್ಲಳು. ಅದನ್ನು ಹೇಳೆಂದು ಅವಳಿಗೆ ಬುದ್ಧಿಹೇಳುವ ಸಭಾಪಾಲಕನೇ ಆ ಪುರುಷನು! ಏಳು ವರುಷ ಅವನು ಊರಿನವರ ಗೌರವವನ್ನು ಪಡೆಯುತ್ತಾ ಒಳಗೊಳಗೇ ಬೇಯುತ್ತಾನೆ. ಇದನ್ನು ಓದಿದ ಬಾಲಿಕೆಗೆ ಪಾಪದ ಮೇಲೆ ಆಸೆ ಹುಟ್ಟೀತೇ? ಮರೆಮಾಡಿದ ಪಾಪದ ಭಯವು ಹುಟ್ಟೀತೆಂದೇ ನನ್ನ ನಂಬಿಕೆ.

ಸಭೆಯ ಮಾನಕ್ಕೆ ಕುಂದಾಗುವುದೆಂದು ಹೇಳುವವರೂ ಉಂಟು. ಹಾಥಾರ್ನನ ಪೂರ್ವಿಕನಾದ ಜಾನ್ ಹಾಥಾರ್ನನು 1692ರ ಸೇಲಂ ಪಟ್ಟಣದ ಮಾಟಗಾತಿಯರ ವಿಚಾರಣೆಯ ನ್ಯಾಯಾಧೀಶರಲ್ಲಿ ಒಬ್ಬನು. ಆಗ 19 ಮಂದಿಯನ್ನು ಗಲ್ಲಿಗೇರಿಸಿದರು. ಅದೇ ನ್ಯಾಯಸ್ಥಾನದ ಸ್ಯಾಮ್ಯುಯೆಲ್ ಸೀವಾಲನು 1697ರಲ್ಲಿ ಬಾಸ್ಟನ್ನಿನ ದೇವಾಲಯದಲ್ಲಿ ಎದ್ದುನಿಂತು, ತನ್ನ ತಪ್ಪೊಪ್ಪಿಗೆಯನ್ನು ಸಭೆಯ ಮುಂದೆ ಓದಿಸಿದನು. ಗ್ರಂಥಕರ್ತನಾದರೋ ತನ್ನ ಪೂರ್ವಿಕರ ನಾಚಿಕೆಯನ್ನು ಪುಸ್ತಕದ ಮುನ್ನುಡಿಯಲ್ಲಿಯೇ ತಾನು ಹೊತ್ತುಕೊಂಡನು. ಸಭೆಯ ತಪ್ಪನ್ನು ತೋರಿಸುವವನೆಲ್ಲಾ ಸಭೆಯ ವೈರಿಯಲ್ಲ.

ಮಾರ್ಕ್ ಟ್ವೇನನ 'ಹಕಲ್ಬೆರಿ ಫಿನ್' ಗ್ರಂಥವನ್ನೂ ಹೀಗೆಯೇ ಓದತಕ್ಕದ್ದು. ಹಕ್ಕನಿಗೆ ಪ್ರಾರ್ಥನೆ ಕಲಿಸಿದ ಮಿಸ್ ವಾಟ್ಸನಳೇ ಜಿಮ್ಮನೆಂಬ ದಾಸನನ್ನು 800 ಡಾಲರುಗಳಿಗೆ ಮಾರಲು ಎಣಿಸುತ್ತಾಳೆ. ಓಡಿಹೋದ ದಾಸನಿಗೆ ಸಹಾಯಮಾಡಿದರೆ ನರಕವೇ ಗತಿಯೆಂದು ಹುಡುಗನು ನಂಬಿದ್ದರೂ, ಅವನನ್ನು ಹಿಡಿದುಕೊಡಲು ಬರೆದ ಕಾಗದವನ್ನು ಹರಿದುಹಾಕುತ್ತಾನೆ. ಊರಿನ ವಾಡಿಕೆಯನ್ನೇ ದೇವರ ಆಜ್ಞೆಯೆಂದು ಕಲಿಸುವ ಅಪಾಯವು ನಮಗೂ ಇಲ್ಲವೇ? ಆ ಗ್ರಂಥದಲ್ಲಿ ಕಪ್ಪು ಜನರನ್ನು ಹೀನೈಸುವ ಶಬ್ದವು ಪದೇಪದೇ ಬರುವುದರಿಂದ, ಅದರ ಹಿಂದಿರುವ ದಾಸ್ಯದ ಚರಿತ್ರೆಯನ್ನು ಅಧ್ಯಾಪಿಕೆಯು ಮೊದಲೇ ತಿಳಿಸಬೇಕು.

ಆದರೂ ಇವು ಸತ್ಯವೇದಕ್ಕೆ ಸಮವಲ್ಲ. ಹಾಥಾರ್ನನು ಪಾಪದ ಭಾರವನ್ನು ಬಲ್ಲನು. ಕ್ಷಮೆಯ ಸಂತೋಷವನ್ನು ಅಷ್ಟಾಗಿ ಬಲ್ಲವನೆಂದು ನನಗೆ ತೋರುವುದಿಲ್ಲ. ಸಭಾಪಾಲಕನು ಕಡೆಗೆ ಅರಿಕೆಮಾಡಿ ಅಲ್ಲಿಯೇ ಸಾಯುತ್ತಾನೆ. ಹೆಸ್ಟರಳು ದೂರದೇಶದಿಂದ ಮರಳಿಬಂದು ಅದೇ ಅಕ್ಷರವನ್ನು ತಾನಾಗಿಯೇ ಧರಿಸುತ್ತಾಳೆ. ಕರ್ತನಾದರೋ ಆ ಸ್ತ್ರೀಯನ್ನು ಖಂಡಿಸದೆ, ಇನ್ನು ಪಾಪಮಾಡಬೇಡವೆಂದು ಹೇಳಿ ಬಿಡುಗಡೆಮಾಡಿ ಕಳುಹಿಸಿದನು. ಈ ಭೇದವನ್ನು ನಾವು ಬಾಯಿಪಾಠ ಮಾಡಿಸಬಾರದು. ಎರಡನ್ನೂ ಓದಿದ ಬಾಲಿಕೆಯು ತಾನೇ ಕಂಡುಕೊಳ್ಳಲಿ.

ನಮ್ಮ ಬಾಲಿಕೆಯರು ನಾಳೆ ಹೆಣ್ಣಿಗೊಂದು, ಗಂಡಿಗೊಂದು ನ್ಯಾಯವಿಡುವ ಲೋಕಕ್ಕೆ ಹೋಗತಕ್ಕವರು. ಬೀಗ ಹಾಕಿದ ಬೀರುವು ಅವರನ್ನು ಅಲ್ಲಿ ಕಾಯಲಾರದು. ಪೋಷಕರು ತಮ್ಮ ಮಕ್ಕಳೊಡನೆ ಈ ಗ್ರಂಥಗಳನ್ನು ತಾವೂ ಓದಬೇಕೆಂದು ಬೇಡಿಕೊಳ್ಳುತ್ತೇನೆ. ಪ್ರಶ್ನೆ ಕೇಳಿದ ಆ ಹುಡುಗಿಗೆ ನಾನು ಋಣಿಯಾಗಿದ್ದೇನೆ.