ಹದಿನಾರು ಕಿಲೋಮೀಟರಿನೊಳಗಣ ಸರ್ವೋಚ್ಚ ನ್ಯಾಯ



ಈ ಸಲ ನೆನಪುಗಳ ಬುತ್ತಿಯನ್ನು ಬದಿಗಿರಿಸಿ ನಿಮ್ಮ ಮುಂದೆ ಒಂದು ತಕರಾರನ್ನು ಇಡಬಯಸುತ್ತೇನೆ. ಅದು ನಮ್ಮ ದೇಶದ ಸರ್ವೋಚ್ಚ ನ್ಯಾಯಾಲಯದ ಕಟ್ಟಡವನ್ನು ಕುರಿತದ್ದು. ಕಟ್ಟಡದ ಅಂದಚೆಂದದ ಮಾತಲ್ಲ. ಅದು ಇರುವ ಜಾಗದ ಮತ್ತು ಅದು ತನಗೆ ತಾನೇ ಹೇಳಿಕೊಳ್ಳುವ ಅರ್ಥದ ಮಾತು. ನಿಮ್ಮಲ್ಲಿ ವಕೀಲರಾದವರು ಕೆಲವರಿದ್ದೀರಿ. ಮುನಿಸಿಕೊಳ್ಳುವುದಾದರೆ ಪೂರ್ತಿ ಓದಿದ ಮೇಲೆ ಮುನಿಸಿಕೊಳ್ಳಿ.

1950ರ ಜನವರಿ 28ರಂದು ಸರ್ವೋಚ್ಚ ನ್ಯಾಯಾಲಯವು ಉದ್ಘಾಟನೆಗೊಂಡಾಗ ಅದಕ್ಕೆ ಸ್ವಂತ ಮನೆಯಿರಲಿಲ್ಲ. ಸಂಸತ್ ಭವನದೊಳಗೆ, ಹಿಂದೆ ದೇಶೀಯ ಸಂಸ್ಥಾನಗಳ ಅರಸರು ಸೇರುತ್ತಿದ್ದ ನರೇಂದ್ರ ಮಂಡಲದ ಸಭಾಂಗಣದಲ್ಲಿ ಅದು ಎಂಟು ವರ್ಷ ಬಿಡಾರ ಹೂಡಿತ್ತು. 1954ರಲ್ಲಿ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದರು ಈಗಿನ ಕಟ್ಟಡಕ್ಕೆ ಅಡಿಗಲ್ಲನ್ನಿಟ್ಟರು. 1958ರ ಆಗಸ್ಟ್ ತಿಂಗಳಲ್ಲಿ ಅವರೇ ಉದ್ಘಾಟಿಸಿದರು. ಕೇಂದ್ರ ಲೋಕೋಪಯೋಗಿ ಇಲಾಖೆಯ ಮುಖ್ಯಸ್ಥರಾದ ಮೊದಲ ಭಾರತೀಯ ಗಣೇಶ ಭಿಕಾಜಿ ದೇವಲಾಲೀಕರರು ಅದರ ವಾಸ್ತುಶಿಲ್ಪಿ. ಅವರು ಇಡೀ ಕಟ್ಟಡವನ್ನು ತಕ್ಕಡಿಯಾಗಿ ಕಲ್ಪಿಸಿದರು. ನಡುವಣ ಭಾಗವೇ ದಂಡ, ಇಕ್ಕೆಲದ ರೆಕ್ಕೆಗಳೇ ತಟ್ಟೆಗಳು, ದಂಡದ ನಟ್ಟನಡುವೆ ಗುಮ್ಮಟದ ಅಡಿಯಲ್ಲಿ ಮುಖ್ಯ ನ್ಯಾಯಮೂರ್ತಿಗಳ ಪೀಠ. ಹೊರಗಿನ ಹುಲ್ಲುಹಾಸಿನಲ್ಲಿ ಚಿಂತಾಮಣಿ ಕರ್ ಅವರ ಕಂಚಿನ ಶಿಲ್ಪವಿದೆ: ತಾಯಿಯ ಆಸರೆಯಲ್ಲಿ ನಿಂತ ಮಗು, ಮಗುವಿನ ಕೈಯಲ್ಲಿ ತೆರೆದ ಪುಸ್ತಕ. ತಾಯಿ ಭಾರತ, ಮಗು ಎಳೆಯ ಗಣರಾಜ್ಯ, ಪುಸ್ತಕ ಕಾನೂನು. ಪೌರನೀತಿಯ ಪಾಠದಲ್ಲಿ ಇದನ್ನೆಲ್ಲ ನಾನು ಅಭಿಮಾನದಿಂದಲೇ ಹೇಳುತ್ತಿದ್ದೆ. ಆ ಅಭಿಮಾನವು ಇಂದಿಗೂ ಕುಂದಿಲ್ಲ.

ಆದರೆ ತಕ್ಕಡಿಯೆಂಬುದು ಎಂಥ ವಸ್ತುವೆಂದು ಸಂತೆಗೆ ಹೋಗಿ ಬಲ್ಲವರು ಯೋಚಿಸಬೇಕು. ತಕ್ಕಡಿಯು ಊರಿಂದೂರಿಗೆ ಸಂತೆಯೊಡನೆ ಸಾಗುವಂಥದು. ಸೋಮವಾರ ಒಂದೂರು, ಗುರುವಾರ ಇನ್ನೊಂದೂರು. ಎರಡು ಸಾವಿರ ಕಿಲೋಮೀಟರ್ ದೂರದಲ್ಲಿ ತಕ್ಕಡಿಯನ್ನು ನೆಟ್ಟು, ಕಾಳುಕಡಿಯನ್ನು ಅಲ್ಲಿಗೇ ಹೊತ್ತು ತಾ ಎಂದರೆ, ತೂಗುವ ಮೊದಲೇ ಅರ್ಧ ಮೂಟೆ ದಾರಿಯಲ್ಲಿ ಸೋರಿಹೋಗಿರುತ್ತದೆ.

ನ್ಯಾಯಾಲಯವು ದೆಹಲಿಯಲ್ಲಿಯೇ ಇರಬೇಕೆಂದು ಸಂವಿಧಾನವೇನಾದರೂ ಕಟ್ಟಳೆ ಮಾಡಿದೆಯೇ? ಇಲ್ಲ. 130ನೆಯ ವಿಧಿಯನ್ನು ತೆರೆದು ನೋಡಿ. ಸರ್ವೋಚ್ಚ ನ್ಯಾಯಾಲಯವು ದೆಹಲಿಯಲ್ಲಿ, ಇಲ್ಲವೇ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು ಮುಖ್ಯ ನ್ಯಾಯಮೂರ್ತಿಗಳು ಕಾಲಕಾಲಕ್ಕೆ ಗೊತ್ತುಪಡಿಸುವ ಬೇರೆ ಸ್ಥಳದಲ್ಲಿ ಅಥವಾ ಸ್ಥಳಗಳಲ್ಲಿ ಕುಳಿತುಕೊಳ್ಳಬೇಕು ಎಂಬುದು ಅದರ ತಾತ್ಪರ್ಯ. 'ಸ್ಥಳಗಳು' ಎಂದು ಬಹುವಚನದಲ್ಲಿದೆ. ವ್ಯಾಕರಣದ ಮೇಷ್ಟರಿಗೆ ಬಹುವಚನವನ್ನು ಕಂಡೂ ಕಾಣದಂತಿರುವುದು ಕಷ್ಟ! 1950ರಲ್ಲಿ ಹೈದರಾಬಾದಿನಲ್ಲಿಯೂ 1954ರಲ್ಲಿ ಶ್ರೀನಗರದಲ್ಲಿಯೂ ಈ ನ್ಯಾಯಾಲಯವು ಕುಳಿತದ್ದುಂಟು. ಆಗ ದೇಶದ ಐಕ್ಯಕ್ಕೆ ಯಾವ ಭಂಗವೂ ಬರಲಿಲ್ಲ. ತನ್ನದೇ ಭವ್ಯ ಭವನಕ್ಕೆ ಬಂದ ಮೇಲೆ ಅದು ಕದಲಲಿಲ್ಲ.

ಇನ್ನೊಂದು ನಿಯಮವು ಇದಕ್ಕಿಂತ ಸೋಜಿಗದ್ದು. ಕಕ್ಷಿದಾರನು ತಾನೇ ನಿಂತು ವಾದಿಸುವೆನೆಂದರೆ ಬೇರೆ ಮಾತು. ಅಲ್ಲದಿದ್ದರೆ ಅಲ್ಲಿ ಅರ್ಜಿ ಸಲ್ಲಿಸಬಲ್ಲವರು 'ಅಡ್ವೊಕೇಟ್ ಆನ್ ರೆಕಾರ್ಡ್' ಎಂಬ ವರ್ಗದ ವಕೀಲರು ಮಾತ್ರ. ಅದಕ್ಕೊಂದು ಪರೀಕ್ಷೆಯುಂಟು, ಇರಲಿ, ಪರೀಕ್ಷೆಗೆ ನಾನು ವಿರೋಧಿಯಲ್ಲ. ಆದರೆ ಆ ವಕೀಲನ ಕಚೇರಿಯು ದೆಹಲಿಯಲ್ಲಿ, ನ್ಯಾಯಾಲಯದ ಕಟ್ಟಡದಿಂದ 16 ಕಿಲೋಮೀಟರ್ ವ್ಯಾಪ್ತಿಯೊಳಗೆ ಇರಬೇಕೆಂದು 2013ರ ನಿಯಮಾವಳಿಯು ಹೇಳುತ್ತದೆ. ಕಾಸರಗೋಡಿನಿಂದ ಕೊಹಿಮಾದವರೆಗೆ ಹಬ್ಬಿದ ದೇಶದ ಕೊನೆಯ ನ್ಯಾಯದ ಬಾಗಿಲನ್ನು ತಟ್ಟುವವನು ಆ ಬಾಗಿಲಿನಿಂದ ಹದಿನಾರು ಕಿಲೋಮೀಟರಿನೊಳಗೆ ಬಾಡಿಗೆ ಕೊಡುವವನಾಗಿರಬೇಕು! ಗುಮ್ಮಟ, ತಕ್ಕಡಿ, ತಾಯಿ, ಮಗು, ಇವೆಲ್ಲ ನಮಗೆ ತೋರಿಸುವ ಸಂಕೇತಗಳು. ಆ ಕಟ್ಟಡದ ನಿಜವಾದ ಸಂಕೇತ ಈ 16 ಎಂಬ ಅಂಕಿ.

ನಮ್ಮ ಬಂಧುವರ್ಗದಲ್ಲಿಯೇ ನಡೆದ ಒಂದು ಸಂಗತಿಯನ್ನು ಹೆಸರು ಹೇಳದೆ ಬರೆಯುತ್ತೇನೆ, ತಿಳಿದವರು ತಿಳಿದುಕೊಳ್ಳುವಿರಿ. ಎರಡು ಎಕರೆ ಗದ್ದೆಯ ವ್ಯಾಜ್ಯ. ಮುನ್ಸಿಫ್ ನ್ಯಾಯಾಲಯದಿಂದ ಹಿಡಿದು ಉಚ್ಚ ನ್ಯಾಯಾಲಯದವರೆಗೆ ನಮ್ಮವರೇ ಗೆದ್ದರು. ಎದುರು ಪಕ್ಷದವರಿಗೆ ಹಣದ ಬಲವಿತ್ತು. ದೆಹಲಿಗೆ ಮೇಲ್ಮನವಿ ಹೋದರು. ನೋಟಿಸು ಬಂದ ದಿನ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಒಂದೂವರೆ ದಿನಕ್ಕೂ ಮೀರಿ ಪ್ರಯಾಣ, ಅಲ್ಲಿ ತಂಗಲು ಜಾಗ, ಭಾಷೆ ಬಾರದ ಊರು, ಗೊತ್ತಿಲ್ಲದ ವಕೀಲರು. ಎರಡು ಬಾರಿ ಹೋಗಿಬಂದರು. ಎರಡು ಬಾರಿಯೂ ಪ್ರಕರಣವು ಮುಂದಕ್ಕೆ ಹೋಯಿತು. ಮೂರನೆಯ ಬಾರಿಗೆ ಹಣ ಹೊಂದಿಸಲಾರದೆ ರಾಜಿಯಾಗಿ ಒಂದು ಎಕರೆ ಬಿಟ್ಟುಕೊಟ್ಟರು. ಯಾವ ನ್ಯಾಯಾಧೀಶರೂ ಅವರ ವಿರುದ್ಧ ತೀರ್ಪು ಕೊಟ್ಟಿರಲಿಲ್ಲ. ತೀರ್ಪು ಕೊಟ್ಟದ್ದು ದೂರ.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ದೆಹಲಿಗೆ ಹತ್ತಿರವಿರುವ ಉಚ್ಚ ನ್ಯಾಯಾಲಯಗಳ ತೀರ್ಪುಗಳ ಮೇಲೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗುವ ಮೇಲ್ಮನವಿಗಳ ಪ್ರಮಾಣ ಹೆಚ್ಚು, ದಕ್ಷಿಣದ ದೂರದ ರಾಜ್ಯಗಳಿಂದ ಕಡಿಮೆ ಎಂಬುದನ್ನು ವಿದ್ವಾಂಸರು ಲೆಕ್ಕಹಾಕಿ ತೋರಿಸಿದ್ದಾರೆ. ತೆಂಕಣದವರಿಗೆ ಅನ್ಯಾಯವೇ ಆಗುವುದಿಲ್ಲವೆಂದು ಇದರ ಅರ್ಥವೇ?

ಈಗ ಎಲ್ಲವೂ ವಿಡಿಯೋ ಮೂಲಕ ನಡೆಯುತ್ತದೆ, ದೂರದ ಮಾತು ಹಳತಾಯಿತು ಎಂದು ಕೆಲವರು ವಾದಿಸುತ್ತಾರೆ. 2020ರ ಮಹಾಮಾರಿಯ ಕಾಲದಿಂದ ಪರದೆಯ ವಿಚಾರಣೆ ಬಂದದ್ದು ನಿಜ, ಒಳ್ಳೆಯದೇ. ಆದರೆ ಪರದೆಯು ದೂರವನ್ನು ಅಳಿಸಿತೆನ್ನುವುದಾದರೆ ಹದಿನಾರು ಕಿಲೋಮೀಟರಿನ ಗೆರೆ ಏಕೆ? ವಕೀಲರು ದೆಹಲಿಯಲ್ಲಿಯೇ ಏಕಿರಬೇಕು? ನ್ಯಾಯಮೂರ್ತಿಗಳಾದರೂ ಅಲ್ಲಿಯೇ ಏಕೆ ಕುಳಿತಿರಬೇಕು?

ಪೀಠಗಳು ಹರಿದುಹಂಚಿದರೆ ನ್ಯಾಯಾಲಯದ ಏಕತೆ ಒಡೆಯುತ್ತದೆಂಬುದು ಇನ್ನೊಂದು ವಾದ. ಈ ರಾಗವನ್ನು ಕನ್ನಡಿಗರಾದ ನಾವು ಹಿಂದೆಯೇ ಕೇಳಿದ್ದೇವೆ. ಉತ್ತರ ಕರ್ನಾಟಕದ ಜನರು ಉಚ್ಚ ನ್ಯಾಯಾಲಯದ ಪೀಠಕ್ಕಾಗಿ ವರ್ಷಗಟ್ಟಲೆ ಹೋರಾಡಿದಾಗಲೂ ಇದನ್ನೇ ಹಾಡಲಾಯಿತು. 2008ರ ಜುಲೈ ತಿಂಗಳಲ್ಲಿ ಧಾರವಾಡ, ಗುಲ್ಬರ್ಗಾಗಳಲ್ಲಿ ಸಂಚಾರಿ ಪೀಠಗಳು ಆರಂಭಗೊಂಡವು; 2013ರಲ್ಲಿ ಕಾಯಂ ಆದವು. ಉಚ್ಚ ನ್ಯಾಯಾಲಯವು ಎರಡಾಯಿತೇ, ಮೂರಾಯಿತೇ? ಬೆಂಗಳೂರಿನ ಅಠಾರಾ ಕಚೇರಿಯ ಒಂದು ಇಟ್ಟಿಗೆಯೂ ಉದುರಲಿಲ್ಲ. ಬೀದರಿನ ಕಕ್ಷಿದಾರನಿಗೆ ಮಾತ್ರ ನೂರಾರು ಕಿಲೋಮೀಟರುಗಳು ಉಳಿದವು. ಅಷ್ಟಕ್ಕೂ ದೆಹಲಿಯ ನ್ಯಾಯಾಲಯವು ಪ್ರತಿದಿನ ಇಬ್ಬರು ಮೂವರು ನ್ಯಾಯಮೂರ್ತಿಗಳ ಹಲವು ಪೀಠಗಳಾಗಿಯೇ ಕುಳಿತುಕೊಳ್ಳುತ್ತದೆ. ಒಂದೇ ಹೆಂಚಿನಡಿ ಇದ್ದ ಮಾತ್ರಕ್ಕೆ ಒಮ್ಮತವಿರುವುದಾದರೆ ನಮ್ಮ ಕೂಡುಕುಟುಂಬಗಳಾವುವೂ ಒಡೆಯಬೇಕಾಗಿರಲಿಲ್ಲ.

ಕಟ್ಟಡವಂತೂ ಬೆಳೆಯುತ್ತಲೇ ಬಂದಿದೆ. 1979ರಲ್ಲಿ ಹೊಸ ರೆಕ್ಕೆಗಳು, 1994ರಲ್ಲಿ ಮತ್ತೊಂದು ವಿಸ್ತರಣೆ, 2019ರಲ್ಲಿ ಮಥುರಾ ರಸ್ತೆಯಾಚೆ ಇನ್ನೊಂದು ಸಮುಚ್ಚಯ. 1950ರಲ್ಲಿ ಎಂಟಿದ್ದ ನ್ಯಾಯಮೂರ್ತಿಗಳ ಸಂಖ್ಯೆ 2019ರಲ್ಲಿ 34ಕ್ಕೆ ಏರಿತು. ಬೆಳೆದದ್ದೆಲ್ಲ ಅಲ್ಲಿಯೇ, ಆಲದ ಮರದಂತೆ ತನ್ನ ಬುಡದ ಸುತ್ತಲೇ. 2024ರಲ್ಲಿ ಪಡಸಾಲೆಗಳಿಗೆ ಗಾಜಿನ ಗೋಡೆ ಕೂರಿಸಿ, 2025ರಲ್ಲಿ ಕಳಚಿದರು. ಎರಡೂವರೆ ಕೋಟಿ ರೂಪಾಯಿಗೂ ಮೀರಿ ವ್ಯಯವಾಯಿತು. ನ್ಯಾಯದೇವತೆಯ ಹೊಸ ಪ್ರತಿಮೆಯನ್ನೂ ನಿಲ್ಲಿಸಿದರು. ಆಕೆಗೆ ಸೀರೆಯುಡಿಸಿ, ಕಣ್ಣಿನ ಪಟ್ಟಿ ಬಿಚ್ಚಿ, ಕತ್ತಿಯ ಬದಲು ಕೈಗೆ ಸಂವಿಧಾನವನ್ನಿತ್ತರು. ಪಟ್ಟಿ ಬಿಚ್ಚಿದ್ದು ಸರಿಯೇ. ಆದರೆ ನ್ಯಾಯಮೂರ್ತಿಗಳ ಗ್ರಂಥಾಲಯದಲ್ಲಿ ನಿಂತ ಆಕೆಗೆ ಕಾಣಿಸುವುದೇನು? ಕೈಯಲ್ಲಿರುವ ಆ ಪುಸ್ತಕದಲ್ಲಿ 130ನೆಯ ವಿಧಿಯನ್ನಾದರೂ ಆಕೆ ಓದಿಕೊಳ್ಳಬಹುದು.

ಸಂಕೇತವೆಂದರೇನೆಂದು ತಿಳಿಯಲು ದಕ್ಷಿಣ ಆಫ್ರಿಕೆಯ ಕಡೆ ನೋಡಬೇಕು. ಅಲ್ಲಿಯ ಸಂವಿಧಾನ ನ್ಯಾಯಾಲಯವು ಸಂಸತ್ತಿರುವ ಕೇಪ್‌ಟೌನಿನಲ್ಲಿಲ್ಲ, ಆಡಳಿತವಿರುವ ಪ್ರಿಟೋರಿಯಾದಲ್ಲಿಯೂ ಇಲ್ಲ. ಜೊಹಾನ್ಸ್‌ಬರ್ಗಿನ ಹಳೆಯ ಸೆರೆಮನೆಯ ಗುಡ್ಡದ ಮೇಲಿದೆ. ಗಾಂಧೀಜಿ, ಮಂಡೇಲಾ ಇಬ್ಬರೂ ಬಂದಿಗಳಾಗಿದ್ದ ಜಾಗ ಅದು. ಕೆಡವಿದ ಸೆರೆಮನೆಯ ಇಟ್ಟಿಗೆಗಳನ್ನೇ ಬಳಸಿ ಕಟ್ಟಿದ ಆ ನ್ಯಾಯಾಲಯವು 2004ರಲ್ಲಿ ತೆರೆಯಿತು. ಅದರ ಲಾಂಛನದಲ್ಲಿ ತಕ್ಕಡಿಯಿಲ್ಲ. ಒಂದು ಮರ, ಮರದ ನೆರಳಿನಲ್ಲಿ ಜನ. ನಮ್ಮ ಅರಳಿಕಟ್ಟೆಯನ್ನು ಕಂಡವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಜರ್ಮನಿಯವರೂ ತಮ್ಮ ಸಂವಿಧಾನ ನ್ಯಾಯಾಲಯವನ್ನು 1951ರಲ್ಲಿ ರಾಜಧಾನಿಯಿಂದ ದೂರ, ಕಾರ್ಲ್ಸ್‌ರೂ ಎಂಬ ಊರಿನಲ್ಲಿಟ್ಟರು. ಅಧಿಕಾರದ ಪಡಸಾಲೆಯಿಂದ ದೂರವಿದ್ದುದರಿಂದ ಅದರ ಗೌರವ ತಗ್ಗಲಿಲ್ಲ.

ನಮ್ಮಲ್ಲಿ ಯಾರೂ ಹೇಳಲಿಲ್ಲವೆಂದಲ್ಲ. ಕಾನೂನು ಆಯೋಗವು 2009ರ ತನ್ನ 229ನೆಯ ವರದಿಯಲ್ಲಿ ಸಂವಿಧಾನ ಪೀಠವು ದೆಹಲಿಯಲ್ಲಿರಲಿ, ಸಾಮಾನ್ಯ ಮೇಲ್ಮನವಿಗಳಿಗೆ ದೆಹಲಿ, ಕೋಲ್ಕತ್ತ, ಮುಂಬಯಿ, ಚೆನ್ನೈ ಅಥವಾ ಹೈದರಾಬಾದಿನಲ್ಲಿ ಪೀಠಗಳಿರಲಿ ಎಂದು ಶಿಫಾರಸು ಮಾಡಿತು. ನ್ಯಾಯಮೂರ್ತಿಗಳ ಪೂರ್ಣಸಭೆಯು 2010ರ ಫೆಬ್ರವರಿಯಲ್ಲಿ, ದೆಹಲಿಯ ಹೊರಗೆ ಪೀಠಕ್ಕೆ ಸಮರ್ಥನೆಯಿಲ್ಲವೆಂದಿತು. ಆಮೇಲೆ ಚೆನ್ನೈನ ವಕೀಲರೊಬ್ಬರು ಪ್ರಾದೇಶಿಕ ಪೀಠಗಳುಳ್ಳ ರಾಷ್ಟ್ರೀಯ ಮೇಲ್ಮನವಿ ನ್ಯಾಯಾಲಯ ಬೇಕೆಂದು ಅರ್ಜಿ ಹಾಕಿದರು. 2016ರ ಜುಲೈನಲ್ಲಿ ಅದನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಲಾಯಿತು. ಸಂಸತ್ತಿನಲ್ಲಿ ಪ್ರಶ್ನೆ ಬಂದಾಗ ಸರ್ಕಾರವು, ವಿಷಯವು ನ್ಯಾಯಾಲಯದ ಮುಂದಿದೆ ಎನ್ನುತ್ತ ಬಂದಿದೆ. ನ್ಯಾಯಾಲಯ ಎಲ್ಲಿ ಕುಳಿತುಕೊಳ್ಳಬೇಕೆಂಬ ವ್ಯಾಜ್ಯದಲ್ಲಿ ಕಕ್ಷಿಯೂ ಅದೇ, ಪೀಠವೂ ಅದೇ.

ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಹೊಸ ಗುಮ್ಮಟವೂ ಬೇಕಿಲ್ಲ. ವರ್ಷದಲ್ಲಿ ಎರಡು ತಿಂಗಳು ಒಂದು ಪೀಠವು ದಕ್ಷಿಣದ ಯಾವುದಾದರೂ ನಗರದಲ್ಲಿ ಕುಳಿತುಕೊಳ್ಳಲಿ. ಹದಿನಾರು ಕಿಲೋಮೀಟರಿನ ನಿಯಮವನ್ನು ಕಿತ್ತುಹಾಕಲಿ. ವಕೀಲರಾಗಿರುವ ನನ್ನ ಶಿಷ್ಯರು ಇದಕ್ಕೊಂದು ಮನವಿಯನ್ನು ಬರೆಯಬೇಕು. ಮೊದಲ ಸಹಿ ನನ್ನದು. ಕರಡನ್ನು ಮೊದಲು ನನಗೆ ಕಳುಹಿಸಿ. ನಿಮ್ಮ ಅಲ್ಪಪ್ರಾಣ ಮಹಾಪ್ರಾಣಗಳ ಬಗ್ಗೆ ನನಗೆ ಇನ್ನೂ ನಂಬಿಕೆ ಬಂದಿಲ್ಲ.